ಟೀಚರ್ ಮನೆಗೆ ನಾನು ಹೋಗಿರಲಿಲ್ಲ

ಶನಿವಾರ, ಜುಲೈ ೧೨

ಬಾಯಿ ತಪ್ಪಿ ಬಂದ ಮಾತು ಎಂದು ಬರೆಯಲು ಹೊರಟೆ. ಅದೂ ಸುಳ್ಳೇ.

ಇವತ್ತು ಕಾಲೇಜಿನಲ್ಲಿ ನಮ್ಮ ಟೀಚರ್ ಹೆಸರಿನ ವಿದ್ಯಾರ್ಥಿವೇತನ ಶುರುವಾಯಿತು. ಇದ್ದ ಮನೆ ಮಾರಿ ಹುಡುಗಿಯರಿಗೆ ಹಾಸ್ಟೆಲ್ ಕಟ್ಟಿಸಿದವರು, ನನ್ನನ್ನು ಮೂರು ವರ್ಷ ಓದಿಸಿದವರು. ಹಳೆಯ ವಿದ್ಯಾರ್ಥಿನಿಯೆಂದು ಮಾತಾಡಲು ನನ್ನನ್ನು ಕರೆದಿದ್ದರು. ಸಭೆ ಮೈಮರೆತು ಕೇಳುತ್ತಿತ್ತು. ಆ ಉಬ್ಬಿನಲ್ಲಿ, ಕೊನೆಯ ದಿನಗಳಲ್ಲಿ ಅವರ ಹಾಸಿಗೆಯ ಪಕ್ಕ ಕೂತು ತಲೆ ಬಾಚಿದ್ದೆ ಎಂದುಬಿಟ್ಟೆ. ಅವರು ಮಲಗಿದ್ದ ಎಂಟು ತಿಂಗಳಲ್ಲಿ ನಾನು ಒಮ್ಮೆಯೂ ಹೋಗಲಿಲ್ಲ. ಅವರಿದ್ದ ಬಾಡಿಗೆ ಮನೆ ಎರಡೇ ಬಸ್ ಸ್ಟಾಪ್ ಆಚೆ.

ವೇದಿಕೆ ಇಳಿದಾಗ ಟೀಚರ್ ತಂಗಿ ಬಂದು ಕೈ ಹಿಡಿದರು. ಆ ಎಂಟು ತಿಂಗಳೂ ಅಕ್ಕನ ಆರೈಕೆ ಮಾಡಿದವರು. ಅವರು ಸಭೆಯಲ್ಲಿದ್ದದ್ದು ನನಗೆ ಗೊತ್ತಿರಲಿಲ್ಲ. ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ನೀನು ಬಂದಿದ್ದು ನಂಗೆ ಗೊತ್ತೇ ಆಗ್ಲಿಲ್ಲ ನೋಡಮ್ಮ. ನಾನು ಔಷಧಿ ತರೋಕೆ ಹೋದಾಗ ಬಂದಿರ್ಬೇಕು."

ಆಗಲಾದರೂ ಹೇಳಬಹುದಿತ್ತು. "ಹೌದು ಚಿಕ್ಕಮ್ಮ" ಅಂದೆ.

"ಓದಿಸಿದ ಮಕ್ಕಳು ಒಬ್ರೂ ಈ ಕಡೆ ತಲೆ ಹಾಕ್ಲಿಲ್ಲ ಅಂತ ನಂಗೆ ಕೊರಗಿತ್ತು. ಸದ್ಯ, ನೀನೊಬ್ಳು ಬಂದಿದ್ಯಲ್ಲ. ಇವತ್ತು ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ."

ನಾಳೆ ಹೋಗಿ ನಿಜ ಹೇಳಬೇಕು. ಹೇಳಿದರೆ ನನ್ನ ಎದೆ ಹಗುರವಾಗುತ್ತದೆ, ಆ ಹಿರಿಯ ಜೀವದ ನಿದ್ದೆ ಹಾಳಾಗುತ್ತದೆ. ಹೇಳದಿರುವುದೇ ಸರಿ ಎಂದುಕೊಂಡ ಕೂಡಲೇ ಒಳಗೊಳಗೇ ಹಾಯೆನಿಸಿತು. ಸುಳ್ಳಿಗಿಂತ ಆ ಹಾಯಿಗೇ ಈಗ ಹೆಚ್ಚು ನಾಚಿಕೆ. ಚಿಕ್ಕಮ್ಮನ ಮುಖ ಇನ್ನು ಹೇಗೆ ನೋಡಲಿ?