ಬಾಣಲೆಯ ಫೋಟೋ ತೆಗೆಯಬಾರದಂತೆ

ಕಲಾಕೇಂದ್ರದ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಕಟ್ಟಡ ನನ್ನ ಚಿಕ್ಕಮ್ಮನ ಅಂಗಡಿಯನ್ನು ದಿನಾ ಮಧ್ಯಾಹ್ನ ಸುಡುತ್ತಿದೆ. ಅದಕ್ಕೆ ಸಾಕ್ಷಿಯಾಗಿ ಫೋಟೋ ತನ್ನಿ ಎಂದು ನಿಮ್ಮ ಕಚೇರಿ ಹೇಳಿತು. ತೆಗೆದ ಫೋಟೋಗಳನ್ನು ನಿಮ್ಮ ಗೇಟು ಅಳಿಸಿಹಾಕಿತು. ವಿಷಯ ಇಷ್ಟೇ. ಇಷ್ಟಕ್ಕೇ ನಾಚಿಕೆಯಾಗಿದ್ದರೆ ಮುಂದೆ ಓದುವ ತೊಂದರೆ ತೆಗೆದುಕೊಳ್ಳಬೇಡಿ. ಆಗಿರಲಿಕ್ಕಿಲ್ಲ ಎಂಬ ಭರವಸೆಯಿಂದ ಮುಂದುವರಿಸುತ್ತೇನೆ.

ನಾನು ಆರ್ಕಿಟೆಕ್ಚರ್ ಮೊದಲ ವರ್ಷದ ವಿದ್ಯಾರ್ಥಿನಿ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು. ಅಲ್ಲಿ ಇಂಗ್ಲಿಷಿನಲ್ಲಿ ಸಾರಿ ಕೇಳುವುದನ್ನು ಬಹಳ ಚೆನ್ನಾಗಿ ಕಲಿಸಿದರು, ದೂರು ಕೊಡುವುದನ್ನು ಕಲಿಸಲಿಲ್ಲ. ಈ ಪತ್ರವನ್ನು ಇಂಗ್ಲಿಷಿನಲ್ಲಿ ಶುರು ಮಾಡಿದಾಗ ಎರಡನೇ ಸಾಲಿಗೇ ನಾನೇ ನಿಮ್ಮ ಕ್ಷಮೆ ಕೇಳಿಬಿಟ್ಟಿದ್ದೆ. ಹರಿದು ಬಿಸಾಕಿ, ಚಿಕ್ಕಮ್ಮ ಬೈಯುವ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಧೈರ್ಯ ಬಂದಿದೆ ಎಂದಲ್ಲ. ಈಗಲೂ ಪ್ರತಿ ಸಾಲನ್ನೂ ಎರಡೆರಡು ಸಲ ಓದಿಕೊಂಡೇ ಮುಂದೆ ಹೋಗುತ್ತಿದ್ದೇನೆ.

ನಿಮ್ಮ ಕಟ್ಟಡವನ್ನು ನಮ್ಮ ಕ್ಲಾಸಿನಲ್ಲಿ ಸ್ಲೈಡ್ ಹಾಕಿ ತೋರಿಸಿದ್ದರು. ಒಳಕ್ಕೆ ಬಾಗಿದ, ಥಳಥಳಿಸುವ ಉಕ್ಕಿನ ಆ ದೊಡ್ಡ ಗೋಡೆ 'ಆಕಾಶದೊಡನೆ ನಡೆಸುವ ಸಂವಾದ' ಎಂದರು. ಪತ್ರಿಕೆಗಳಲ್ಲಿ ಪರ-ವಿರೋಧದ ವಾದ ಜೋರಾಗಿದೆ, ಯುಗದ ಕಟ್ಟಡ ಎಂದು ಕೆಲವರು, ತಗಡಿನ ದುಂದು ಎಂದು ಕೆಲವರು. ಎದುರಿನ ಬೀದಿಯವರನ್ನು ಮಾತ್ರ ಯಾರೂ ಕೇಳಲಿಲ್ಲ. ಅವರು ಅದನ್ನು 'ಬಾಣಲೆ' ಎನ್ನುತ್ತಾರೆ. ಆಕಾಶದೊಡನೆ ಏನು ಮಾತಾಡುತ್ತದೋ ಗೊತ್ತಿಲ್ಲ. ಮೂರು ಗಂಟೆಯ ಹೊತ್ತಿಗೆ ಆಕಾಶ ಹೇಳಿದ್ದನ್ನೆಲ್ಲ ತಂದು ನಮ್ಮ ಬೀದಿಯ ಮುಖಕ್ಕೆ ರಾಚುತ್ತದೆ.

ಆ ಬೀದಿಯಲ್ಲಿ ಚಿಕ್ಕಮ್ಮನ ಟೈಲರಿಂಗ್ ಅಂಗಡಿ ಇದೆ. ಅಂಗಡಿಯ ಹಿಂದಿನ ಒಂದು ಕೋಣೆಯೇ ಮನೆ. ಹಾಸ್ಟೆಲಿನ ಹುಡುಗಿಗೆ ರಜೆಗೆ ಹೋಗಲು ಇರುವ ಮನೆಯೂ ಅದೊಂದೇ. ಅಂಗಡಿಯ ಕಿಟಕಿ ಉತ್ತರಕ್ಕಿದೆ. ನೇರ ಬಿಸಿಲು ಬೀಳದ ಕಡೆ ಬಣ್ಣ ಬಣ್ಣವಾಗಿಯೇ ಕಾಣುತ್ತದೆ, ಕರಿ ನೂಲಿಗೂ ಕಡುನೀಲಿ ನೂಲಿಗೂ ವ್ಯತ್ಯಾಸ ತಿಳಿಯುತ್ತದೆ ಎಂದು ಆಕೆ ಹುಡುಕಿ ಹಿಡಿದ ಜಾಗ ಅದು. ಈಗ ನಿಮ್ಮ ಗೋಡೆ ಉತ್ತರದಲ್ಲೂ ಒಂದು ಸೂರ್ಯನನ್ನು ಹುಟ್ಟಿಸಿದೆ. ಕಿಟಕಿಗೆ ಪರದೆ ಕಟ್ಟಿದರೂ ಬೆಳಕು ಬಾಗಿಲಿನಿಂದ ನುಗ್ಗುತ್ತದೆ. ಮಧ್ಯಾಹ್ನವಾದರೆ ಹೊಲಿಗೆ ಯಂತ್ರದ ಚಕ್ರ ಮುಟ್ಟುವಂತಿಲ್ಲ, ಸೂಜಿಯ ಕಣ್ಣು ಕಾಣುವುದಿಲ್ಲ. ಕಣ್ಣಿನ ಡಾಕ್ಟರು ಆ ಬೆಳಕಿನಲ್ಲಿ ಕೂರಲೇಬೇಡಿ ಎಂದಿದ್ದಾರೆ. ಹಾಗಾಗಿ, ಹೊಲಿಗೆಗೆ ಕೊಡುವವರು ಬರುವ ಹೊತ್ತಿನಲ್ಲೇ ಆಕೆ ಶಟರ್ ಎಳೆದು ಒಳಗೆ ಕೂರುತ್ತಾಳೆ. ಹೀಗೇ ನಡೆದರೆ ಒಂದು ದಿನ ಎಳೆದ ಶಟರ್ ಮತ್ತೆ ಮೇಲೇಳುವುದಿಲ್ಲ.

ದೂರು ಕೊಟ್ಟೆವು. ನಿಮ್ಮ ಕಚೇರಿಯ ಗುಮಾಸ್ತರು ತಲೆ ಎತ್ತದೆ ಕೇಳಿದರು, "ಬೆಳಕು ಬೀಳುತ್ತೆ ಅನ್ನೋದಕ್ಕೆ ಪ್ರೂಫ್ ಏನಮ್ಮಾ?"

"ಬನ್ನಿ ಸಾರ್, ಬಂದು ಒಂದು ಗಳಿಗೆ ಕೂತ್ಕೊಳ್ಳಿ. ಆಮೇಲೆ ನೀವೇ ಪ್ರೂಫು" ಎಂದಳು ಚಿಕ್ಕಮ್ಮ.

"ಅದೆಲ್ಲ ಆಗಲ್ಲ. ಗೋಡೇನೂ ಅಂಗಡೀನೂ ಒಟ್ಟಿಗೆ ಕಾಣೋ ಹಾಗೆ ಫೋಟೋ ತನ್ನಿ. ತಿಂಗಳ ಕೊನೇ ಒಳಗೆ ಬರ್ಲಿಲ್ಲ ಅಂದ್ರೆ ದೂರು ಕ್ಲೋಸ್ ಆಗುತ್ತೆ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ಕನ್ನಡಿಯೇ ಹುಣ್ಣು, ಸ್ವಾಮೀ. ಆದರೂ ಕಾಲೇಜಿನ ಕ್ಯಾಮೆರಾ ಬೇಡಿ ತಂದು, ಅಂಗಡಿಯ ಮುಂದಿನ ಫುಟ್‌ಪಾತಿನಲ್ಲಿ ನಿಂತು ತೆಗೆದೆ. ಉರಿಯುವ ಗೋಡೆ, ಬೀದಿಗೆ ಬಿದ್ದ ಬೆಳಕಿನ ಬಿಲ್ಲು, ಅಂಗಡಿಯ ಬಾಗಿಲಲ್ಲಿ ಕಣ್ಣಿಗೆ ಕೈ ಅಡ್ಡ ಹಿಡಿದ ಚಿಕ್ಕಮ್ಮ, ಎಲ್ಲವೂ ಒಂದೇ ಚೌಕಟ್ಟಿನಲ್ಲಿ. ಇಷ್ಟು ಒಳ್ಳೆಯ ಫೋಟೋ ನಾನು ಅದುವರೆಗೆ ತೆಗೆದಿರಲಿಲ್ಲ. ಅಷ್ಟರಲ್ಲಿ ನಿಮ್ಮ ಗಾರ್ಡ್ ರಸ್ತೆ ದಾಟಿ ಬಂದರು.

"ಏನಮ್ಮಾ, ಗೇಟಿನ ಬೋರ್ಡ್ ಓದಕ್ಕೆ ಬರಲ್ವಾ?"

ಓದಿದೆ. 'ನಿಗದಿತ ಸ್ಥಳದಿಂದಲ್ಲದೆ ಕಟ್ಟಡದ ಛಾಯಾಚಿತ್ರ ತೆಗೆಯುವುದನ್ನು ನಿಷೇಧಿಸಲಾಗಿದೆ. ಕಟ್ಟಡದ ಘನತೆಗೆ ಕುಂದು ತರುವ ಕೋನಗಳಿಗೆ ಅವಕಾಶವಿಲ್ಲ.' ನಿಗದಿತ ಸ್ಥಳವೆಂದರೆ ಮುಂಬಾಗಿಲ ಬಳಿ ಬಳಿದ ಹಳದಿ ವೃತ್ತ, ಅದರೊಳಗೆ ಎರಡು ಪಾದದ ಗುರುತು. ಅಲ್ಲಿ ನಿಂತರೆ ಮೆಟ್ಟಿಲು, ಹೂಕುಂಡ ಮತ್ತು ಉದ್ಘಾಟನೆಯ ಫಲಕ ಕಾಣುತ್ತವೆ. ಬಾಗಿದ ಗೋಡೆ ಕಾಣುವುದಿಲ್ಲ. ಬೆನ್ನಿನಲ್ಲಿ ಹುಣ್ಣಿರುವವನು ಮುಖದ ಫೋಟೋ ಮಾತ್ರ ತೆಗೆಯಿರಿ ಎಂದ ಹಾಗಾಯಿತು.

"ಆ ಸರ್ಕಲ್‌ನಿಂದ ಗೋಡೆ ಕಾಣಲ್ಲ ಅಂಕಲ್" ಎಂದೆ.

"ಕಾಣ್ಬಾರ್ದು ಅಂತಾನೇ ಅಲ್ಲಿ ಬಳಿದಿರೋದು. ಡಿಲೀಟ್ ಮಾಡು. ಐಡಿ ಕಾರ್ಡ್ ತೋರ್ಸು, ಕಾಲೇಜಿಗೆ ತಿಳಿಸ್ತೀವಿ."

ನನ್ನ ಹೆಬ್ಬೆರಳೇ ಒಂದೊಂದಾಗಿ ಎಲ್ಲವನ್ನೂ ಅಳಿಸಿತು. ಕೊನೆಗೆ, ನಿಮಗೆ ಖುಷಿಯಾಗಬಹುದು, ಸಾರಿ ಎಂದೂ ಹೇಳಿದೆ. ಗಾರ್ಡ್ ಮೇಲೆ ನನಗೆ ಸಿಟ್ಟಿಲ್ಲ. ಆ ಬೆಳಕಿನಲ್ಲಿ ಅವರ ಕಣ್ಣಲ್ಲೂ ನೀರು ಸುರಿಯುತ್ತಿತ್ತು.

ಈಗ ಹೇಳಿ, ಇದನ್ನು ಯೋಚಿಸಿದ ತಲೆ ಯಾವುದು? ಕಚೇರಿಯಲ್ಲಿ ಫೋಟೋ ತನ್ನಿ, ಗೇಟಿನಲ್ಲಿ ಫೋಟೋ ಅಳಿಸಿ! ಈ ಡಿಸೈನ್ ಮುಂದೆ ನಿಮ್ಮ ಕಟ್ಟಡ ಏನೂ ಅಲ್ಲ. ಕಟ್ಟಡದಲ್ಲಾದರೂ ತುರ್ತು ನಿರ್ಗಮನ ಅಂತ ಒಂದು ಬಾಗಿಲಿದೆ. ಮತ್ತೆ ಆ ಘನತೆಯ ಮಾತು. ಫುಟ್‌ಪಾತಿನಲ್ಲಿ ನಿಂತ ಮೊದಲ ವರ್ಷದ ಹುಡುಗಿಯ ಕ್ಯಾಮೆರಾಗೆ ಕುಂದುವ ಘನತೆಗೆ ಅಷ್ಟೊಂದು ಉಕ್ಕು ಯಾಕೆ ಬೇಕಿತ್ತು? ರಟ್ಟು ಸಾಕಾಗುತ್ತಿತ್ತಲ್ಲ.

ನಾನು ಮುಖ ಸಣ್ಣಗೆ ಮಾಡಿಕೊಂಡು ಅಂಗಡಿಗೆ ಬಂದಾಗ ಚಿಕ್ಕಮ್ಮ ಸ್ಟೂಲಿನ ಮೇಲೆ ನಿಂತು ಕಿಟಕಿಯ ಕಡುನೀಲಿ ಪರದೆ ಬಿಚ್ಚುತ್ತಿದ್ದಳು. ನಿಮ್ಮ ಬೆಳಕು ತಡೆಯಲೆಂದು ಬಾಣಲೆ ಬಂದ ವರ್ಷವೇ ಆಕೆ ಹೊಲಿದು ಗಾಜಿಗೆ ಒತ್ತಿ ಕಟ್ಟಿದ್ದ ಪರದೆ.

"ಬಿಡೇ, ದೊಡ್ಡೋರ ಸಹವಾಸ ನಮಗ್ಯಾಕೆ. ನಿನ್ನ ಓದು ಹಾಳಾದೀತು. ಇದೂ ಲಡ್ಡಾಗಿದೆ ನೋಡು, ನೆಲ ಒರೆಸಕ್ಕೆ ಆಗುತ್ತೆ" ಎಂದು ನನ್ನ ಮೇಲೆಸೆದಳು.

ಮಡಚಲೆಂದು ಬಿಡಿಸಿದೆ. ಮೇಲಂಚು, ಕೆಳಂಚುಗಳಲ್ಲಿ ಇನ್ನೂ ಕಡುನೀಲಿ. ನಡುವೆ ಮಾತ್ರ ಬಿಲ್ಲಿನಂತೆ ಬಾಗಿದ ದೊಡ್ಡ ಬಿಳಿಚು ಪಟ್ಟೆ, ದಿನಾ ಬೀದಿಗೆ ಬೀಳುವ ಬೆಳಕಿನದೇ ಬಾಗು. ಆ ಬಿಳಿಚಿನ ಒಳಗೆ ಮಾಸದೆ ಉಳಿದ ನೀಲಿ ಅಕ್ಷರಗಳು: ಲೇಡೀಸ್ ಟೈಲರ್. ಕಿಟಕಿಯ ಗಾಜಿನ ಮೇಲೆ ಬರೆಸಿದ್ದ ಅಂಗಡಿಯ ಬೋರ್ಡು ಬೆಳಕಿಗೆ ಅಡ್ಡ ನಿಂತು ತನ್ನ ನೆರಳನ್ನು ಬಟ್ಟೆಯಲ್ಲಿ ಉಳಿಸಿಕೊಂಡಿತ್ತು. ನೇರ ಬಿಸಿಲೇ ಬೀಳದ ಕಿಟಕಿಯಲ್ಲಿ!

"ಚಿಕ್ಕಮ್ಮಾ, ಇದನ್ನ ನೆಲ ಒರೆಸಕ್ಕೆ ಹಾಕ್ಬೇಡ!" ಎಂದು ಕಿರುಚಿದೆ.

"ಯಾಕೆ, ನಿಮ್ಮ ಕಾಲೇಜಲ್ಲಿ ಮಾಸಿದ ಬಟ್ಟೇಗೂ ಮಾರ್ಕ್ಸ್ ಕೊಡ್ತಾರಾ?"

ಮಾನ್ಯರೇ, ಗೋಡೆಯೂ ಅಂಗಡಿಯೂ ಒಟ್ಟಿಗೆ ಕಾಣುವ ಫೋಟೋ ಕೇಳಿದ್ದಿರಿ. ತಗೊಳ್ಳಿ. ಇದು ನಾನು ತೆಗೆದದ್ದಲ್ಲ, ನಿಮ್ಮ ಕಟ್ಟಡವೇ ತೆಗೆದದ್ದು. ಅದೂ ಹಳದಿ ವೃತ್ತದೊಳಗೆ ನಿಲ್ಲದೆ, ಯಾರ ಅನುಮತಿಯನ್ನೂ ಕೇಳದೆ. ದಂಡ ಹಾಕುವುದಾದರೆ ಅದಕ್ಕೇ ಹಾಕಿ. ಐಡಿ ಕಾರ್ಡ್ ಕೇಳಲು ಮರೆಯಬೇಡಿ.

ತಿಂಗಳ ಕೊನೆಯ ದಿನ ನಾನೂ ಚಿಕ್ಕಮ್ಮನೂ ಆ ಪರದೆಯ ಎರಡು ತುದಿ ಹಿಡಿದು ನಿಮ್ಮ ಗುಮಾಸ್ತರ ಮೇಜಿನ ಮುಂದೆ ನಿಲ್ಲುತ್ತೇವೆ. ದೂರು ಮುಚ್ಚುವಂತಿಲ್ಲ. ಆ ಗೋಡೆಯ ಹೊಳಪನ್ನು ಉಜ್ಜಿ ಮಂಕು ಮಾಡಿಸಬೇಕು. ಉಜ್ಜಿದರೆ ಘನತೆ ಹೋಗುತ್ತದೆ ಎನ್ನುವುದಾದರೆ, ಚಿಕ್ಕಮ್ಮನ ಕುರ್ಚಿ ಮಧ್ಯಾಹ್ನ ಮೂರಕ್ಕೆ ಖಾಲಿ ಇರುತ್ತದೆ. ತಾವು ಬಂದು ಕೂತು, ಒಂದೇ ಒಂದು ಸೂಜಿಗೆ ದಾರ ಪೋಣಿಸಿ ತೋರಿಸಿ. ಪೋಣಿಸಿದ ದಿನ ದೂರನ್ನು ನಾವೇ ವಾಪಸ್ ತೆಗೆದುಕೊಳ್ಳುತ್ತೇವೆ.

ಪರದೆಯನ್ನು ಡಿಲೀಟ್ ಮಾಡುವ ಬಟನ್ ಎಲ್ಲಿದೆ ಎಂದು ನಾನೂ ಹುಡುಕಿದೆ. ಸಿಗಲಿಲ್ಲ. ಸಾರಿ.

ಇಂತಿ,
ಹಳದಿ ವೃತ್ತದ ಹೊರಗೇ ಇನ್ನೂ ನಿಂತಿರುವ,
ಟೈಲರಮ್ಮನ ಅಕ್ಕನ ಮಗಳು
(ಹೆಸರು ಬೇಕಿದ್ದರೆ ನಿಮ್ಮ ಗಾರ್ಡ್ ಬರೆದುಕೊಂಡಿದ್ದಾರೆ)