ಹಾಲಿನ ಮೇಲಿನ ಸಿಟ್ಟು

ಪೈಸಾಂಡು, ಭಾನುವಾರ

ಡಾಕ್ಟರ್ ಬೆಂಟಾನ್‌ಕುರ್ ಅವರಿಗೆ,

ನನ್ನ ಹೃದಯದ ಕವಾಟಕ್ಕೆ ಸುಣ್ಣ, ಅಂದರೆ ಕ್ಯಾಲ್ಸಿಯಂ, ಕಟ್ಟಿದೆ, ತೊಡೆಯ ರಕ್ತನಾಳದಿಂದ ಹೊಸ ಕವಾಟ ತೂರಿಸಿ ಕೂರಿಸುತ್ತೇವೆ ಎಂದಿರಿ. ಸುಣ್ಣ ಬಹಳ ಗಟ್ಟಿಯಾಗಿರುವುದರಿಂದ ಅಂಚಿನಲ್ಲಿ ರಕ್ತ ಸೋರಬಹುದು, ಸುತ್ತಲಿನ ಗೋಡೆಯೇ ಬಿರಿಯಬಹುದು ಎಂದೂ ಹೇಳಿದಿರಿ. ಹಳೇ ಗಾರೆ ಗೋಡೆಗಳಿಗೆ ಹೊಸ ಚೌಕಟ್ಟು ಕೂರಿಸಿದ ಬಡಗಿ ನಾನು. ಬಿರಿಯುವ ಸದ್ದು ನನಗೆ ಗೊತ್ತು.

ನನ್ನ ಹೆಂಡತಿ ಡೆಲ್ಮಿರಾ ಕ್ಯಾಲ್ಸಿಯಂ ಎಂಬ ಮಾತು ಕೇಳಿದ್ದೇ ತಡ, ಮನೆಯ ಹಾಲು, ಚೀಸ್ ಎಲ್ಲವನ್ನೂ ಪಕ್ಕದ ಮನೆಗೆ ಸಾಗಿಸಿದಳು. "ಇನ್ನೊಂದು ಹನಿ ಮುಟ್ಟಿ ನೋಡು ಮುದುಕಾ! ಆ ಸುಣ್ಣಾನ ನಾನೇ ಕರಗಿಸ್ತೀನಿ" ಅನ್ನುತ್ತಾಳೆ.

ತಪ್ಪು ಹಾಲಿನದಲ್ಲವೆಂದು ನೀವು ನನಗೆ ಹೇಳಿದ್ದೀರಿ. ಗುರುವಾರ ಆಪರೇಷನ್‌ಗೆ ಮುಂಚೆ ಅವಳು ಕೇಳಿದರೆ ದಯವಿಟ್ಟು ಹೇಳಬೇಡಿ. ಹಾಲಿನ ಜೊತೆ ಜಗಳವಾಡಿ ದಣಿದು ಅವಳು ನಿದ್ದೆ ಮಾಡುತ್ತಾಳೆ. ನಮ್ಮಿಬ್ಬರಲ್ಲಿ ಒಬ್ಬರಾದರೂ ನಿದ್ದೆ ಮಾಡಲಿ.

ಇಂತು ನಿಮ್ಮ ಗುರುವಾರದ ರೋಗಿ,
ಅನ್ಸೆಲ್ಮೊ