ಹುಳದ ಮನೆಯ ಬಾಗಿಲು

ಅಕ್ಕಾ,

ಈ ಸಲದ ರೇಷ್ಮೆಹುಳವೆಲ್ಲ ಸತ್ತುಹೋಯ್ತು ಅಂತ ಭಾವ ನಿನ್ನೆ ಫೋನಲ್ಲಿ ಹೇಳಿದ್ರು. ಆಗಿಂದ ಈ ರಾಯಭಾರಿ ಬಂಗಲೇಲಿ ಒಂದು ಕಡೆ ಕೂತಿಲ್ಲ ನಾನು. ಶಿಡ್ಲಘಟ್ಟಕ್ಕೆ ರಜೆಗೆ ಬಂದವಳು ಸೆಂಟು ಹಾಕ್ಕೊಂಡೇ ಹುಳದ ಮನೆಗೆ ನುಗ್ಗಿಬಿಟ್ಟೆ. ಹುಳಕ್ಕೆ ವಾಸನೆ ಆಗಲ್ಲ ಅನ್ನೋದು ಅಲ್ಲೇ ಬೆಳೆದವಳಿಗೆ ಮರೆತೇಹೋಗಿತ್ತು.

ಆದರೆ ನಿನಗೆ ಮರೆತಿರಲಿಲ್ಲ. ಮಲ್ಲಿಗೆ ಮುಡಿದು ಬಂದಿದ್ದಕ್ಕೆ ಸ್ವಂತ ಅತ್ತೇನೇ ಹೊಸಿಲಾಚೆ ನಿಲ್ಲಿಸಿದವಳು ನೀನು. ನನಗೆ ಮಾತ್ರ ಬಾಗಿಲು ತೆಗೆದು ಪಕ್ಕಕ್ಕೆ ಸರಿದೆ. ಇಲ್ಲೂ ರಾಯಭಾರಿ ಬಂದ್ರು ಅಂತ ಎಲ್ಲರೂ ನನಗೆ ಹಾಗೇ ಸರೀತಾರೆ. ಅದು ಅವರ ಕೆಲಸ.

ಯುಗಾದಿಗೆ ಬರ್ತೀನಿ. ಉಡೋಕೆ ನಿನ್ನದೊಂದು ಹಳೇ ಸೀರೆ ಒಗೆದಿಟ್ಟಿರು. ಮರೆತು ಮತ್ತೆ ನುಗ್ಗಿದರೆ, ಜತೇಲಿ ತಹಶೀಲ್ದಾರರೇ ನಿಂತಿದ್ರೂ ಸರಿ, ರಟ್ಟೆ ಹಿಡಿದು ಆಚೆ ತಳ್ಳು.

ನಿನ್ನ ತಂಗಿ,
ತನುಜ